ಎಲೆಕ್ಟ್ರಾದ ಕಿಟ್, ಊರಿನ ಪಂಪು



ಊರಿಗೆ ಹೊರಡುವ ಮುನ್ನ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿಗೆ ಒಂದು ಸುತ್ತು ಹೋಗದವರು ನಮ್ಮಲ್ಲಿ ಕಡಿಮೆ. ಫಲಕದಲ್ಲಿ ಝಾಯೆದ್ ದಿ ಫಸ್ಟ್ ಸ್ಟ್ರೀಟ್ ಎಂದಿದ್ದರೂ ನಮಗದು ಎಲೆಕ್ಟ್ರಾನೇ. ಈ ಸಲ ಅಮ್ಮನ ಮನೆಯ ಬಾವಿ ಪಂಪನ್ನು ಫೋನಿನಿಂದಲೇ ನಡೆಸೋಣವೆಂದು ವೈರ್‌ಲೆಸ್ ಕಿಟ್ ಕೊಳ್ಳಲು ಹೊರಟಿದ್ದೀರಾ? ಬೆಲೆ ಕೇಳುವ ಮೊದಲು ಫ್ರೀಕ್ವೆನ್ಸಿ ನೋಡಿ.

ಯುಎಇಗೆಂದು ತಯಾರಾದ ಝಡ್-ವೇವ್ ಸಾಧನದ್ದು 868.4 ಮೆಗಾಹರ್ಟ್ಸ್, ಭಾರತದ್ದು 865.2. ಒಂದರ ಮಾತು ಇನ್ನೊಂದಕ್ಕೆ ಕೇಳಿಸದು. ಹಬ್ ಸಮೇತ ಒಯ್ದರೂ ಆ ಫ್ರೀಕ್ವೆನ್ಸಿಗೆ ಅಲ್ಲಿ ಮುಕ್ತ ಬಳಕೆಯ ಅನುಮತಿಯಿಲ್ಲ. ವೈಫೈ, ಜಿಗ್‌ಬೀಗಳಿಗೆ ಈ ತಕರಾರಿಲ್ಲ; 2.4 ಗಿಗಾಹರ್ಟ್ಸ್ ಎರಡೂ ಕಡೆ ನಡೆಯುತ್ತದೆ. ಹೊಸದಾಗಿ ಕಲಿಯುವವರಿಗೆ ಇಎಸ್‌ಪಿ32 ಬೋರ್ಡ್ ಸಾಕು, ವೈಫೈ ಮತ್ತು ಬ್ಲೂಟೂತ್ ಅದರಲ್ಲೇ ಇವೆ. ಜಿಗ್‌ಬೀ, ಥ್ರೆಡ್ ಕೂಡ ಬೇಕಾದರೆ ಇಎಸ್‌ಪಿ32-ಸಿ6 ಕೇಳಿ.

ಬೋರ್ಡಿನ ಪಿನ್ನುಗಳದು 3.3 ವೋಲ್ಟ್, ಪಂಪಿನದು 230. ನಡುವೆ ಪುಟ್ಟ ರಿಲೇ ಒಂದೇ ಇದ್ದರೆ ಸಾಲದು. ಚಾಲೂ ಆಗುವಾಗ ಮೋಟರು ಹಲವು ಪಟ್ಟು ಕರೆಂಟು ಎಳೆಯುತ್ತದೆ. ಕಾಂಟ್ಯಾಕ್ಟರ್ ಹಾಕಿಸಿ, ಅದೂ ಎಲೆಕ್ಟ್ರಿಷಿಯನ್ ಕೈಯಲ್ಲಿ.

ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಪಂಪು ತಾನಾಗಿ ಓಡಬಾರದು. ಇಂಟರ್‌ನೆಟ್ ಇಲ್ಲದಾಗಲೂ ಟ್ಯಾಂಕ್ ತುಂಬಿದೊಡನೆ ನಿಲ್ಲಬೇಕು. ಆದ್ದರಿಂದ ಟ್ಯಾಂಕಿನ ಫ್ಲೋಟ್ ಸ್ವಿಚ್ಚನ್ನು ಬೋರ್ಡಿಗೇ ಜೋಡಿಸಿ. ನಿಲ್ಲಿಸುವ ತೀರ್ಮಾನ ದೂರದ ಸರ್ವರಿಗೆ ಬಿಡಬೇಡಿ.

ಕೊನೆಯ ಮಾತು: ಗೋಡೆಯ ಹಳೆಯ ಸ್ವಿಚ್ಚನ್ನು ಕೀಳಬೇಡಿ. ನಿಮ್ಮ ಫೋನ್ ಸಿಗದ ದಿನವೂ ಅಮ್ಮನಿಗೆ ನೀರು ಬರಬೇಕಲ್ಲ?