ಮತ ಹಾಕುವ ಮೊದಲು, ಮತ ಎಣಿಸಿದ ಮೇಲೆ



ಅಮೆರಿಕದ ಪ್ರಜಾಪ್ರಭುತ್ವಕ್ಕೆ ಎದುರಾಗಿರುವ ಅಪಾಯಗಳನ್ನೂ ಅದನ್ನು ಬಲಪಡಿಸುವ ದಾರಿಗಳನ್ನೂ ಕುರಿತ ಈ ವಿಚಾರ ಸಂಕಿರಣದಲ್ಲಿ ಆಶಯದ ಮಾತುಗಳನ್ನಾಡುವ ಹೊಣೆಯನ್ನು ನನಗೆ ವಹಿಸಿದ್ದೀರಿ.

1776ರ ಸ್ವಾತಂತ್ರ್ಯ ಘೋಷಣೆಗೆ 2026ರಲ್ಲಿ 250 ವರ್ಷ ತುಂಬುತ್ತದೆ. ಈ ಲೆಕ್ಕ ಹಿಡಿದು ಅಮೆರಿಕವನ್ನು ಜಗತ್ತಿನ ಅತಿ ಹಳೆಯ ಪ್ರಜಾಪ್ರಭುತ್ವಗಳ ಸಾಲಿನಲ್ಲಿ ಕೂರಿಸುವುದು ರೂಢಿ. 1870ರ 15ನೇ ತಿದ್ದುಪಡಿ ಕಪ್ಪು ಗಂಡಸರಿಗೂ 1920ರ 19ನೇ ತಿದ್ದುಪಡಿ ಹೆಂಗಸರಿಗೂ ಮತದ ಹಕ್ಕನ್ನು ಕಾಗದದ ಮೇಲೆ ಕೊಟ್ಟವು, ನಿಜ. ಆದರೆ ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಆ ಹಕ್ಕು ಕಪ್ಪು ಜನರ ಕೈಗೆ ದಕ್ಕಿದ್ದು 1965ರಲ್ಲಿ. ನಮ್ಮ ದೇಶದಲ್ಲಿ 1951–52ರ ಮೊದಲ ಮಹಾಚುನಾವಣೆಯಲ್ಲೇ ಜಾತಿ, ಲಿಂಗ, ಅಕ್ಷರದ ತಾರತಮ್ಯವಿಲ್ಲದೆ ವಯಸ್ಕರೆಲ್ಲರಿಗೂ ಮತದ ಹಕ್ಕಿತ್ತು. ಆ ಅರ್ಥದಲ್ಲಿ, ಎಲ್ಲರನ್ನೂ ಒಳಗೊಂಡ ಅಮೆರಿಕದ ಪ್ರಜಾಪ್ರಭುತ್ವ ನಮ್ಮದಕ್ಕಿಂತ ಕಿರಿಯದು. ಈ ವಯಸ್ಸಿನ ಅರಿವಿಟ್ಟುಕೊಂಡೇ ಅದರ ಇಂದಿನ ಸಂಕಟವನ್ನು ನೋಡಬೇಕು.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಮತಗಟ್ಟೆಯೊಳಗೆ ಹಾಕುವ ಮತ ಹೆಚ್ಚುಕಡಿಮೆ ಸುರಕ್ಷಿತವಾಗಿದೆ. ಪೆಟ್ಟು ಬೀಳುತ್ತಿರುವುದು ಅದರ ಹಿಂದುಮುಂದಿನ ಎರಡು ಜಾಗಗಳಲ್ಲಿ. ಯಾರು, ಯಾವ ಕ್ಷೇತ್ರದಲ್ಲಿ ಮತ ಹಾಕಬೇಕು ಎಂದು ತೀರ್ಮಾನವಾಗುವ ಜಾಗ ಒಂದು. ಎಣಿಕೆ ಮುಗಿದು, ಗೆದ್ದವರು ಇವರೇ ಎಂದು ಸಹಿ ಬೀಳುವ ಜಾಗ ಇನ್ನೊಂದು. ಈ ಎರಡೂ ಕಡೆ ಆ ದೇಶ ಬಹುಕಾಲ ಬರೆದ ಕಾನೂನಿಗಿಂತ ಹೆಚ್ಚಾಗಿ ಜನರ ಸಭ್ಯತೆಯನ್ನು ನೆಚ್ಚಿಕೊಂಡಿತ್ತು. ಹಾಗಾಗಿ ಬಲವರ್ಧನೆಯ ಕೆಲಸವೂ ಎರಡು ಬಗೆಯದು: ಸಭ್ಯತೆಯನ್ನು ಕಾನೂನಾಗಿ ಬರೆದಿಡುವುದು, ಸಭ್ಯರಾಗಿ ನಡೆದುಕೊಂಡವರನ್ನು ಕಾಪಾಡುವುದು.

ವಿದ್ಯಾರ್ಥಿಗಳಿಗಾಗಿ ಒಂದು ವಿವರಣೆ. ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶದ ಚುನಾವಣೆ ನಡೆಸುವ ಸಂಸ್ಥೆ ಅಮೆರಿಕದಲ್ಲಿಲ್ಲ. ರಾಜ್ಯಗಳ ಅಡಿಯಲ್ಲಿ ಕೌಂಟಿ, ಪಟ್ಟಣಗಳಂಥ ಸುಮಾರು 10,000 ಸ್ಥಳೀಯ ಘಟಕಗಳು ಆ ಕೆಲಸ ಮಾಡುತ್ತವೆ. ಹಲವು ರಾಜ್ಯಗಳಲ್ಲಿ ಚುನಾವಣೆಯ ಮುಖ್ಯ ಅಧಿಕಾರಿಯೇ ಪಕ್ಷದ ಟಿಕೆಟ್ ಮೇಲೆ ಗೆದ್ದು ಬಂದವರು. ಈ ಚದುರಿಕೆಯಿಂದ ಒಂದು ಲಾಭವಿದೆ: ಯಾರೊಬ್ಬರೂ ಇಡೀ ವ್ಯವಸ್ಥೆಯನ್ನು ಒಮ್ಮೆಗೇ ಕೈವಶ ಮಾಡಿಕೊಳ್ಳಲಾರರು. ನಷ್ಟವೂ ಇದೆ: ನಾಗರಿಕನ ಹಕ್ಕು ಅವನಿರುವ ರಾಜ್ಯದ ಮೇಲೆ ನಿಂತುಬಿಡುತ್ತದೆ.

ಈಗ ಮೊದಲ ಜಾಗಕ್ಕೆ ಬರೋಣ. 1965ರ ಮಾರ್ಚ್ 7ರಂದು ಅಲಬಾಮಾ ರಾಜ್ಯದ ಸೆಲ್ಮಾದಲ್ಲಿ ಸುಮಾರು 600 ಜನ ಮತದ ಹಕ್ಕು ಕೇಳಿ ಎಡ್ಮಂಡ್ ಪೆಟಸ್ ಸೇತುವೆ ದಾಟಿದರು. ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಅವರ ಮೇಲೆ ಬಿದ್ದರು. ಮುಂದಿನ ಸಾಲಿನಲ್ಲಿದ್ದ 25 ವರ್ಷದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕುಬಿಟ್ಟಿತು. ಐದು ತಿಂಗಳಲ್ಲಿ, ಆಗಸ್ಟ್ 6ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಮತದಾನ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಅದರ 5ನೇ ವಿಧಿ ಆ ಕಾಯ್ದೆಯ ಜೀವಾಳ. ತಾರತಮ್ಯದ ಇತಿಹಾಸವಿದ್ದ ಪ್ರದೇಶಗಳು ಒಂದು ಮತಗಟ್ಟೆಯನ್ನು ಸ್ಥಳಾಂತರಿಸಬೇಕಾದರೂ ಕೇಂದ್ರ ಸರ್ಕಾರದ ನ್ಯಾಯ ಇಲಾಖೆಯಿಂದಲೋ ವಾಷಿಂಗ್ಟನ್ನಿನ ನ್ಯಾಯಾಲಯದಿಂದಲೋ ಪೂರ್ವಾನುಮತಿ ಪಡೆಯಬೇಕಿತ್ತು. ಕಾಯ್ದೆಗೆ ಮೊದಲು ಮಿಸಿಸಿಪ್ಪಿಯಲ್ಲಿ ಮತದಾರರ ಪಟ್ಟಿ ಸೇರಿದ್ದ ಕಪ್ಪು ವಯಸ್ಕರು ಶೇ 7ಕ್ಕಿಂತ ಕಡಿಮೆ. ಕೆಲವೇ ವರ್ಷಗಳಲ್ಲಿ ಅವರ ಪ್ರಮಾಣ ಅರ್ಧವನ್ನು ದಾಟಿತು.

ಅದೇ ವರ್ಷ, ಅದೇ ಕಾಂಗ್ರೆಸ್ಸು, ಅಂದರೆ ಅಮೆರಿಕದ ಸಂಸತ್ತು, ವಲಸೆ ಕಾಯ್ದೆಯನ್ನೂ ತಿದ್ದಿ, ಹುಟ್ಟಿದ ದೇಶ ನೋಡಿ ಬಾಗಿಲು ಮುಚ್ಚುವ ಪದ್ಧತಿಯನ್ನು ಕೊನೆಗೊಳಿಸಿತು. ಇಂದು ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿ, ಪೌರತ್ವ ಪಡೆದು ಮತ ಹಾಕುತ್ತಿರುವ ಕನ್ನಡ ಕುಟುಂಬಗಳು ಹೋದದ್ದು ಆ ಬಾಗಿಲಿನಿಂದಲೇ. ಎರಡೂ ಕಾಯ್ದೆಗಳು ನಾಗರಿಕ ಹಕ್ಕುಗಳ ಹೋರಾಟ ಬೆಳೆಸಿದ ಒಂದೇ ನ್ಯಾಯಪ್ರಜ್ಞೆಯ ಫಲ. ಸೆಲ್ಮಾದಲ್ಲಿ ಪೆಟ್ಟು ತಿಂದವರ ಋಣ ನಮ್ಮವರ ಮೇಲೂ ಇದೆ.

2013ರ ಜೂನ್ 25ರಂದು, ಶೆಲ್ಬಿ ಕೌಂಟಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ 5–4ರ ತೀರ್ಪಿನಿಂದ ಮತದಾನ ಹಕ್ಕುಗಳ ಕಾಯ್ದೆಯ ಪೂರ್ವಾನುಮತಿಯ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿತು. ಯಾವ ಪ್ರದೇಶಗಳಿಗೆ ಅದು ಅನ್ವಯಿಸಬೇಕೆಂಬ ಸೂತ್ರ ದಶಕಗಳಷ್ಟು ಹಳೆಯ ಅಂಕಿಅಂಶಗಳ ಮೇಲೆ ನಿಂತಿದೆ ಎಂಬುದು ಬಹುಮತದ ವಾದ. ಮಳೆಯಲ್ಲಿ ನೆನೆಯುತ್ತಿಲ್ಲವೆಂದು ಕೊಡೆಯನ್ನೇ ಎಸೆದ ಹಾಗಾಯಿತು ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಭಿನ್ನಮತದ ತೀರ್ಪಿನಲ್ಲಿ ಎಚ್ಚರಿಸಿದರು. ಪೂರ್ವಾನುಮತಿ ಸಿಗದೆ ನಿಂತಿದ್ದ ತನ್ನ ಗುರುತಿನ ಚೀಟಿ ಕಾನೂನನ್ನು ಜಾರಿಗೆ ತರುವುದಾಗಿ ಟೆಕ್ಸಾಸ್ ಅದೇ ದಿನ ಪ್ರಕಟಿಸಿತು. ಆ ಕಾನೂನಿನಲ್ಲಿ ಕೈಬಂದೂಕಿನ ಪರವಾನಗಿ ತೋರಿಸಿದರೆ ಮತ ಹಾಕಬಹುದಿತ್ತು. ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿದರೆ ಹಾಕುವಂತಿರಲಿಲ್ಲ.

ಗುರುತಿನ ಚೀಟಿ ಕೇಳುವುದೇ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ನಾವೆಲ್ಲರೂ ಚೀಟಿ ತೋರಿಸಿಯೇ ಮತ ಹಾಕುತ್ತೇವೆ. ಚುನಾವಣೆ ಶುದ್ಧವಾಗಿರಬೇಕು ಎಂದು ಕೇಳುವ ಅಮೆರಿಕದ ಮತದಾರನ ಆತಂಕವನ್ನು ತಳ್ಳಿಹಾಕಬಾರದು. ಆದರೆ ನಮ್ಮಲ್ಲಿ ಮತದಾರರ ಚೀಟಿ ಕೊಡುವುದು ಚುನಾವಣಾ ಆಯೋಗದ್ದೇ ಜವಾಬ್ದಾರಿ. ಅದಿಲ್ಲದವರು ಪರ್ಯಾಯ ದಾಖಲೆ ತೋರಿಸಬಹುದು. ಯಾವ ಚೀಟಿ ಸಲ್ಲುತ್ತದೆ, ಅದು ಯಾರ ಜೇಬಿನಲ್ಲಿರುತ್ತದೆ ಎಂದು ಲೆಕ್ಕಹಾಕಿ ಕಾನೂನು ಬರೆಯಲು ತೊಡಗಿದರೆ, ಆಗ ಮತದಾರರನ್ನು ಆಳುವವರೇ ಆರಿಸಿಕೊಂಡಂತಾಗುತ್ತದೆ.

ಕ್ಷೇತ್ರ ಮರುವಿಂಗಡಣೆಯಲ್ಲಿ ಈ ಆಯ್ಕೆ ಇನ್ನೂ ನೇರವಾಗಿ ನಡೆಯುತ್ತದೆ. ಬಹುತೇಕ ರಾಜ್ಯಗಳಲ್ಲಿ ಗೆರೆ ಎಳೆಯುವುದು ಶಾಸನಸಭೆಯೇ. 2016ರಲ್ಲಿ ಉತ್ತರ ಕೆರೊಲಿನಾದ ರಿಪಬ್ಲಿಕನ್ ಶಾಸಕರೊಬ್ಬರು, ಇರುವ 13 ಕ್ಷೇತ್ರಗಳಲ್ಲಿ 10 ತಮ್ಮ ಪಕ್ಷಕ್ಕೆ, 3 ಎದುರಾಳಿಗಳಿಗೆ ಸಿಗುವಂತೆ ನಕ್ಷೆ ಮಾಡುತ್ತಿದ್ದೇವೆ, 11–2 ಮಾಡಲು ಸಾಧ್ಯವೆನಿಸದ್ದರಿಂದ ಹೀಗೆ ಎಂದು ಸಮಿತಿಯ ಸಭೆಯಲ್ಲೇ ಹೇಳಿದರು. ಮೇರಿಲ್ಯಾಂಡ್‌ನಲ್ಲಿ ಡೆಮಾಕ್ರಟರೂ ಇದೇ ವಿದ್ಯೆ ತೋರಿಸಿದ್ದರು. ಎರಡೂ ಪ್ರಕರಣಗಳು ಸುಪ್ರೀಂ ಕೋರ್ಟಿಗೆ ಬಂದವು. ಪಕ್ಷದ ಲಾಭಕ್ಕಾಗಿ ಗೆರೆ ಎಳೆದರೆ ಕೇಂದ್ರದ ನ್ಯಾಯಾಲಯಗಳು ಅದನ್ನು ವಿಚಾರಿಸಲಾರವು ಎಂದು 2019ರಲ್ಲಿ ಕೋರ್ಟ್ ಕೈಚೆಲ್ಲಿತು. ಫಲವನ್ನು 2025ರಲ್ಲಿ ಕಂಡೆವು. ಜನಗಣತಿಗಾಗಿ ಕಾಯದೆ ದಶಕದ ನಡುವೆಯೇ ಟೆಕ್ಸಾಸ್ ತನ್ನ ನಕ್ಷೆಯನ್ನು ಬದಲಿಸಿ ರಿಪಬ್ಲಿಕನ್ನರಿಗೆ ಇನ್ನೂ ಐದು ಸ್ಥಾನ ಗಳಿಸಲು ಹೊರಟಿತು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾ ನವೆಂಬರಿನಲ್ಲಿ ಜನಮತ ಪಡೆದು, ತನ್ನದೇ ಸ್ವತಂತ್ರ ಆಯೋಗ ಮಾಡಿದ್ದ ನಕ್ಷೆಯನ್ನು ತಾತ್ಕಾಲಿಕವಾಗಿ ಬದಿಗಿಟ್ಟಿತು. ಒಬ್ಬರು ನಿಯಮ ಮುರಿದಾಗ ನಿಯಮ ಪಾಲಿಸುವವರಿಗೆ ಶಿಕ್ಷೆಯಾಗುವ ವ್ಯವಸ್ಥೆಯಲ್ಲಿ ಒಳ್ಳೆಯ ನಡತೆ ಬಹುಕಾಲ ಉಳಿಯದು.

ಇನ್ನು ಎರಡನೆಯ ಜಾಗ. 2020ರ ನವೆಂಬರ್ 23ರಂದು ಮಿಷಿಗನ್ ರಾಜ್ಯದ ಮತಎಣಿಕೆ ಮಂಡಳಿ ಸಭೆ ಸೇರಿತು. ಅದರ ಸದಸ್ಯರು ನಾಲ್ವರು: ಇಬ್ಬರು ಡೆಮಾಕ್ರಟರು, ಇಬ್ಬರು ರಿಪಬ್ಲಿಕನ್ನರು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟ್ ಅಭ್ಯರ್ಥಿ ಜೋ ಬೈಡನ್ ಅಲ್ಲಿ 1.5 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಅಧ್ಯಕ್ಷ ಟ್ರಂಪ್ ಸೋಲೊಪ್ಪಿರಲಿಲ್ಲ. ಫಲಿತಾಂಶ ದೃಢೀಕರಿಸಬೇಡಿ ಎಂಬ ಒತ್ತಡ ಎಲ್ಲೆಡೆಯಿಂದ ಬರುತ್ತಿತ್ತು. ಒಬ್ಬ ರಿಪಬ್ಲಿಕನ್ ಸದಸ್ಯರು ಮತ ಹಾಕದೆ ಉಳಿದರು. ಇನ್ನೊಬ್ಬರು, ಆರನ್ ವ್ಯಾನ್ ಲಾಂಗೆವೆಲ್ಡ್, ಕೌಂಟಿಗಳು ಕಳಿಸಿದ ಲೆಕ್ಕವನ್ನು ದೃಢೀಕರಿಸುವುದಷ್ಟೇ ಮಂಡಳಿಯ ಕರ್ತವ್ಯ, ಬೇರೆ ಅಧಿಕಾರವನ್ನು ಕಾನೂನು ನಮಗೆ ಕೊಟ್ಟಿಲ್ಲ ಎಂದು ಹೇಳಿ ಪರವಾಗಿ ಮತ ಹಾಕಿದರು. ಅವರ ಅವಧಿ ಮುಗಿದಾಗ ಪಕ್ಷ ಅವರ ಹೆಸರನ್ನು ಮತ್ತೆ ಸೂಚಿಸಲಿಲ್ಲ.

ಜಾರ್ಜಿಯಾದಲ್ಲಿ ಅಂತರ ಬರೀ 11,779 ಮತ. 2021ರ ಜನವರಿ 2ರಂದು ಟ್ರಂಪ್ ಅಲ್ಲಿನ ಚುನಾವಣಾ ಮುಖ್ಯಸ್ಥ, ತಮ್ಮದೇ ಪಕ್ಷದ ಬ್ರಾಡ್ ರಾಫೆನ್ಸ್‌ಪರ್ಗರ್ ಅವರಿಗೆ ಫೋನ್ ಮಾಡಿ, ತಮಗೆ 11,780 ಮತ ಹುಡುಕಿಕೊಡುವಂತೆ ಕೇಳಿದರು. ಅವರು ಒಪ್ಪಲಿಲ್ಲ. ಇಂಥವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಆದರೆ ಇದೇ ಜಾರ್ಜಿಯಾದ ಫುಲ್ಟನ್ ಕೌಂಟಿಯಲ್ಲಿ ಎಣಿಕೆಯ ಮೇಜಿನ ಮುಂದೆ ಕುಳಿತಿದ್ದ ರೂಬಿ ಫ್ರೀಮನ್ ಮತ್ತು ಅವರ ಮಗಳು ಶೇ ಮಾಸ್ ಅನುಭವಿಸಿದ್ದನ್ನು ನಾವು ಮರೆಯಬಾರದು. ಎಣಿಕೆ ಕೇಂದ್ರದ ವಿಡಿಯೊದಲ್ಲಿ ಇವರಿಬ್ಬರ ನಡುವೆ ಪುಟ್ಟದೇನೋ ಕೈಯಿಂದ ಕೈಗೆ ದಾಟುವುದನ್ನು ಹಿಡಿದು, ಅವರು ಯುಎಸ್‌ಬಿ ಡ್ರೈವ್‌ಗಳನ್ನು ದಾಟಿಸುತ್ತಿದ್ದರೆಂದು ಟ್ರಂಪ್ ಅವರ ವಕೀಲ ರೂಡಿ ಜೂಲಿಯಾನಿ ಆರೋಪಿಸಿದರು. ಅದೊಂದು ಶುಂಠಿ ಪೆಪ್ಪರಮೆಂಟು ಎಂದು 2022ರ ಜೂನ್‌ನಲ್ಲಿ ಮಗಳು ಕಾಂಗ್ರೆಸ್ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಅಷ್ಟರಲ್ಲಿ ಜೀವ ಬೆದರಿಕೆಗಳ ಸುರಿಮಳೆಯಾಗಿತ್ತು. ಎಫ್‌ಬಿಐ ಸಲಹೆಯಂತೆ ತಾಯಿ ಸುಮಾರು ಎರಡು ತಿಂಗಳು ಮನೆ ಬಿಟ್ಟಿದ್ದರು. ಜೂಲಿಯಾನಿ ಈ ತಾಯಿ-ಮಗಳಿಗೆ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2023ರ ಡಿಸೆಂಬರ್‌ನಲ್ಲಿ ಜ್ಯೂರಿ ತೀರ್ಪಿತ್ತಿತು. ಆದರೆ ಮಾಸ್ ಅವರ ಸಾಕ್ಷ್ಯದಲ್ಲಿ ನನ್ನನ್ನು ಕಾಡುವ ಮಾತು ಬೇರೆ. ಆ ವಿಡಿಯೊದಲ್ಲಿ ಕಾಣುವ ಕಾಯಂ ಚುನಾವಣಾ ಸಿಬ್ಬಂದಿಯಲ್ಲಿ ಒಬ್ಬರೂ ಈಗ ಆ ಕೆಲಸದಲ್ಲಿಲ್ಲ ಎಂದು ಅವರು ಹೇಳಿದರು. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ ಗುಂಪನ್ನು ಜಗತ್ತು ನೋಡಿತು. ಅನುಭವಿ ಸಿಬ್ಬಂದಿ ಒಬ್ಬೊಬ್ಬರಾಗಿ ಎದ್ದುಹೋದದ್ದನ್ನು ಯಾರೂ ನೋಡಲಿಲ್ಲ. ಎರಡನೆಯ ಹಾನಿ ಮೊದಲನೆಯದಕ್ಕಿಂತ ಸಣ್ಣದಲ್ಲ.

ಇನ್ನು ಬಲವರ್ಧನೆಯ ದಾರಿಗಳು. ಇಲ್ಲಿ ನನಗೆ ಭರವಸೆ ಕೊಟ್ಟಿರುವುದು ಮಿಷಿಗನ್. 2016ರ ಚುನಾವಣೆ ಮುಗಿದ ಕೆಲವೇ ದಿನಗಳಲ್ಲಿ, ರಾಜಕೀಯದ ಹಿನ್ನೆಲೆಯಿಲ್ಲದ ಕೇಟಿ ಫೇಹಿ ಎಂಬ ತರುಣಿ, ಕ್ಷೇತ್ರಗಳ ಗೆರೆ ಎಳೆಯುವ ಅನ್ಯಾಯವನ್ನು ಸರಿಪಡಿಸಬೇಕೆಂದಿದ್ದೇನೆ, ಯಾರು ಜತೆಗೆ ಬರುತ್ತೀರಿ ಎಂದು ಫೇಸ್‌ಬುಕ್‌ನಲ್ಲಿ ಕೇಳಿದರು. ಸಾವಿರಾರು ಸ್ವಯಂಸೇವಕರು ಸೇರಿ 4 ಲಕ್ಷಕ್ಕೂ ಮೀರಿ ಸಹಿ ಸಂಗ್ರಹಿಸಿದರು. 2018ರಲ್ಲಿ ಶೇ 61ರಷ್ಟು ಮತದಾರರು ಒಪ್ಪಿ ರಾಜ್ಯದ ಸಂವಿಧಾನವನ್ನೇ ತಿದ್ದಿದರು. ಈಗ ಅಲ್ಲಿ ಗೆರೆ ಎಳೆಯುವುದು 13 ಸಾಮಾನ್ಯ ನಾಗರಿಕರ ಆಯೋಗ: ಎರಡೂ ಪಕ್ಷಗಳ ಒಲವಿನ ನಾಲ್ಕು ನಾಲ್ಕು ಜನ, ಯಾವ ಪಕ್ಷಕ್ಕೂ ಸೇರದ ಐವರು. ಬೆಳಗಾವಿಯಲ್ಲಿ ಬೆಳೆದು ಅಮೆರಿಕಕ್ಕೆ ಹೋದ ಶ್ರೀ ಥಾಣೇದಾರ್ 2022ರಲ್ಲಿ ಕಾಂಗ್ರೆಸ್ಸಿಗೆ ಗೆದ್ದ ಡೆಟ್ರಾಯಿಟ್ ಕ್ಷೇತ್ರದ ಗಡಿಯೂ ಈ ಆಯೋಗ ಗುರುತಿಸಿದ್ದೇ. ಆಯೋಗದ ಕೆಲಸ ಲೋಪರಹಿತವೇನಲ್ಲ. ಡೆಟ್ರಾಯಿಟ್ ಸುತ್ತಿನ 13 ಶಾಸನಸಭಾ ಕ್ಷೇತ್ರಗಳನ್ನು ಜನಾಂಗದ ಲೆಕ್ಕದಲ್ಲಿ ಎಳೆಯಲಾಗಿದೆ ಎಂದು 2023ರಲ್ಲಿ ನ್ಯಾಯಾಲಯ ಅವನ್ನು ರದ್ದು ಮಾಡಿತು; ಗೆರೆಗಳನ್ನು ಮತ್ತೆ ಎಳೆಯಲಾಯಿತು. ತಪ್ಪನ್ನು ಪ್ರಶ್ನಿಸಲು, ತಿದ್ದಲು ದಾರಿಯಿದೆ ಎಂಬುದೇ ಇಲ್ಲಿ ಮುಖ್ಯ.

ಅದೇ ರಾಜ್ಯ 2022ರಲ್ಲಿ ಇನ್ನೊಂದು ತಿದ್ದುಪಡಿ ತಂದಿತು. ಫಲಿತಾಂಶ ದೃಢೀಕರಿಸುವುದು ಮಂಡಳಿಯ ಕಡ್ಡಾಯ ಕೆಲಸ, ಅಲ್ಲಿ ವಿವೇಚನೆಗೆ ಎಡೆಯಿಲ್ಲ ಎಂದು ಬರೆಯಿತು. ವ್ಯಾನ್ ಲಾಂಗೆವೆಲ್ಡ್ 2020ರಲ್ಲಿ ಒತ್ತಡದ ನಡುವೆ ಎತ್ತಿಹಿಡಿದ ನಿಲುವು ಎರಡೇ ವರ್ಷಕ್ಕೆ ಸಂವಿಧಾನದ ಮಾತಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸು 1887ರ ಗೊಂದಲಮಯ ಮತಎಣಿಕೆ ಕಾಯ್ದೆಯನ್ನು ಎರಡೂ ಪಕ್ಷಗಳ ಬೆಂಬಲದಿಂದ ತಿದ್ದಿತು. ಕಾಂಗ್ರೆಸ್ಸಿನಲ್ಲಿ ನಡೆಯುವ ಆ ಎಣಿಕೆಯಲ್ಲಿ ಉಪಾಧ್ಯಕ್ಷರ ಪಾತ್ರ ಬರೀ ಔಪಚಾರಿಕ ಎಂದು ಸ್ಪಷ್ಟಪಡಿಸಿತು. ಮೊದಲು ಪ್ರತಿ ಸದನದ ಒಬ್ಬೊಬ್ಬ ಸದಸ್ಯರು ಸಾಕಿದ್ದ ಆಕ್ಷೇಪಣೆಗೆ ಈಗ ಐದನೇ ಒಂದು ಭಾಗ ಸದಸ್ಯರ ಸಹಿ ಬೇಕು. 2025ರ ಜನವರಿ 6ರಂದು ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಈ ಕಾನೂನಿನಡಿಯಲ್ಲಿ ತಮ್ಮದೇ ಸೋಲಿನ ಲೆಕ್ಕವನ್ನು ಸಭೆಗೆ ಓದಿದರು. ಯಾರೂ ಅಡ್ಡಿಪಡಿಸಲಿಲ್ಲ.

ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಅಧಿಕೃತ ಕಾರ್ಯಗಳಿಗಾಗಿ ಮಾಜಿ ಅಧ್ಯಕ್ಷರಿಗೆ ಕ್ರಿಮಿನಲ್ ವಿಚಾರಣೆಯಿಂದ ವ್ಯಾಪಕ ರಕ್ಷಣೆಯಿದೆ ಎಂದು 2024ರ ಜುಲೈ 1ರಂದು ಸುಪ್ರೀಂ ಕೋರ್ಟ್ ಹೇಳಿದೆ. 2025ರ ಜನವರಿ 20ರಂದು, ಅಧಿಕಾರಕ್ಕೆ ಮರಳಿದ ದಿನವೇ, ಟ್ರಂಪ್ 2021ರ ಜನವರಿ 6ರ ಪ್ರಕರಣಗಳ ಸುಮಾರು 1,500 ಮಂದಿಗೆ ಕ್ಷಮಾದಾನ ಕೊಟ್ಟರು. ಪೂರ್ವಾನುಮತಿಯನ್ನು ಮತ್ತೆ ತರಲು ಜಾನ್ ಲೂಯಿಸ್ ಹೆಸರಿನಲ್ಲಿ ರೂಪಿಸಿದ ಮಸೂದೆ 2021ರಲ್ಲಿ ಕೆಳಮನೆಯಲ್ಲಿ ಅಂಗೀಕಾರವಾಯಿತು; ಚರ್ಚೆ ಮುಗಿಸಲು 60 ಮತ ಬೇಕೆನ್ನುವ ಸೆನೆಟ್ಟಿನ ಪದ್ಧತಿಯೆದುರು ನಿಂತುಹೋಯಿತು. ಚುನಾವಣೆಯಲ್ಲಿ ಹಣದ ಪ್ರಶ್ನೆ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಇನ್ನಷ್ಟು ಜಟಿಲವಾಗಿದೆ. ಅದಕ್ಕೆಂದೇ ಬೇರೆ ಗೋಷ್ಠಿ ಬೇಕು.

ಈ ಸಂಕಿರಣದ ಮುಂದೆ ನಾನು ಮೂರು ಪ್ರಶ್ನೆಗಳನ್ನು ಇಡುತ್ತೇನೆ. ಒಂದು: ಪ್ರಜೆಗಳೇ ಪ್ರಸ್ತಾವ ತಂದು ಸಂವಿಧಾನ ತಿದ್ದುವ ಅವಕಾಶ ಮಿಷಿಗನ್‌ನಲ್ಲಿದೆ, ಅದಿಲ್ಲದ ರಾಜ್ಯಗಳಲ್ಲಿ ಸುಧಾರಣೆ ಯಾವ ಬಾಗಿಲಿನಿಂದ ಬರಬೇಕು? ಎರಡು: ಎಲ್ಲ ರಾಜ್ಯಗಳೂ ಒಟ್ಟಿಗೆ ಒಪ್ಪದೆ ಸ್ವತಂತ್ರ ಮರುವಿಂಗಡಣಾ ಆಯೋಗ ಬಾಳಬಲ್ಲದೇ? ಕ್ಯಾಲಿಫೋರ್ನಿಯಾದ ಅನುಭವ ಅನುಮಾನ ಹುಟ್ಟಿಸುತ್ತದೆ. ಮೂರು: ಎಣಿಕೆಯ ಮೇಜಿನ ಮುಂದೆ ಕೂರುವವರಿಗೆ ರಕ್ಷಣೆ, ಗೌರವ, ತಕ್ಕ ಸಂಬಳ ಕೊಡುವುದು ಹೇಗೆ? ಮೂರನೆಯದಕ್ಕೆ ಕಡಿಮೆ ಪ್ರಬಂಧಗಳು ಬರುತ್ತವೆ ಎಂಬ ಭಯ ನನಗಿದೆ. ಆದ್ದರಿಂದಲೇ ಅದನ್ನು ಒತ್ತಿ ಕೇಳುತ್ತಿದ್ದೇನೆ.

ಕರ್ನಾಟಕದಲ್ಲಿ ಕುಳಿತು ಇದನ್ನು ಚರ್ಚಿಸಲು ನಮಗೆ ನಮ್ಮದೇ ಕಾರಣವೂ ಇದೆ. 1971ರ ಜನಗಣತಿಯ ಮೇಲೆ ನಿಂತಿರುವ ಲೋಕಸಭಾ ಸ್ಥಾನಗಳ ಹಂಚಿಕೆಯನ್ನು ಮತ್ತೆ ತೆರೆಯುವ ಪ್ರಶ್ನೆ ದಕ್ಷಿಣದ ರಾಜ್ಯಗಳನ್ನು ಕಾಡುತ್ತಿದೆ. ಗೆರೆ ಎಳೆಯುವವರು ಯಾರು, ಅವರನ್ನು ಪ್ರಶ್ನಿಸುವವರು ಯಾರು ಎಂಬ ವಿಚಾರದಲ್ಲಿ ಅಮೆರಿಕದ ಸೋಲೂ ಗೆಲುವೂ ನಮಗೆ ಪಾಠ.

ಧೈರ್ಯವಂತರು ಸಿಕ್ಕರು ಎಂಬ ಕಾರಣಕ್ಕೆ 2020ರಲ್ಲಿ ಅಮೆರಿಕ ಪಾರಾಯಿತು. ಧೈರ್ಯವಂತರಲ್ಲದ ಸಾಮಾನ್ಯರು ಆ ಕುರ್ಚಿಗಳಲ್ಲಿ ಕುಳಿತಾಗಲೂ ಜನರ ತೀರ್ಪು ಉಳಿಯುವಂತೆ ಕಾನೂನು ಕಟ್ಟುವುದೇ ಮುಂದಿನ ಕೆಲಸ. ಆ ಕೆಲಸಕ್ಕೆ ಬೇಕಾದ ವಿಚಾರಗಳು ಈ ಸಂಕಿರಣದಿಂದ ಹೊಮ್ಮಲಿ ಎಂದು ಹಾರೈಸಿ, ಗೋಷ್ಠಿಗಳಿಗೆ ಶುಭ ಕೋರುತ್ತೇನೆ.