ಕಾಲುವೆ ಬಯಲಿನ ಕುರಿ ಮತ್ತು ಒಂದು ಹಿಡಿ ಹಿಕ್ಕೆ



ಮಲೆನಾಡಿನ ತುಂಗೆ ಮತ್ತು ಭದ್ರೆಗಳು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ಕಾಲುವೆಗಳಾಗಿ ಕುರುಗೋಡು, ಸಿರುಗುಪ್ಪದ ಕಡೆಗೆ ಹರಿಯುತ್ತವೆ. 1953ರಲ್ಲಿ ಜಲಾಶಯದ ನೀರು ಬರುವ ಮುನ್ನ ಆ ಸೀಮೆಯ ಬಹುಭಾಗ ಜೋಳ, ಹತ್ತಿಗಳ ಒಣನೆಲ. ಇಂದು ಸಿರುಗುಪ್ಪವೆಂದರೆ ಭತ್ತ. ನೀರು ಭತ್ತವನ್ನು ತಂದಿತು. ಅದರೊಡನೆ ನೀರಿನ ಬಸವನಹುಳುವಿಗೂ ವಿಶಾಲವಾದ ನೆಲೆಯನ್ನು ಒದಗಿಸಿತು.

ಕೊಯ್ಲಾದ ಮೇಲೆ ಕುರಿಗಾಹಿಗಳು ಮಂದೆಗಳನ್ನು ಗದ್ದೆಯ ಕೂಳೆಗೆ ಬಿಡುತ್ತಾರೆ. ರಾತ್ರಿ ಮಂದೆ ಅಲ್ಲಿಯೇ ತಂಗಿದರೆ ಗದ್ದೆಗೆ ಗೊಬ್ಬರ, ಕುರಿಗೆ ಮೇವು. ಒಳ್ಳೆಯ ಏರ್ಪಾಡೇ ಸರಿ. ಆದರೆ ಬಸವನಹುಳುವಿನಿಂದ ಹೊರಬಿದ್ದ ಚಪ್ಪಟೆಹುಳುವಿನ ಮರಿಗಳು ಕಾಲುವೆಯಂಚಿನ ಹಸಿಹುಲ್ಲಿಗೆ ಅಂಟಿಕೊಂಡು ಕಾಯುತ್ತಿರುತ್ತವೆ. ಮೇವಿನೊಡನೆ ಒಳಹೊಕ್ಕ ಮೇಲೆ ಕೆಲವು ಯಕೃತ್ತನ್ನು, ಕೆಲವು ಹೊಟ್ಟೆಯನ್ನು ಸೇರುತ್ತವೆ.

ಕುರಿಯ ಕಣ್ಣು ಬಿಳಿಚುತ್ತದೆ, ಗದ್ದದ ಕೆಳಗೆ ನೀರು ತುಂಬುತ್ತದೆ. ಕುರಿಗಾಹಿ ಔಷಧದ ಅಂಗಡಿಯಿಂದ ಐವರ್‌ಮೆಕ್ಟಿನ್ ತಂದು ಚುಚ್ಚಿಸುತ್ತಾನೆ. ಅದು ರಕ್ತ ಹೀರುವ ದುಂಡುಹುಳುವಿಗೆ ಮದ್ದು. ಚಪ್ಪಟೆಹುಳುವಿಗೆ ಏನೂ ಅಲ್ಲ. ಹೊರಗಿನ ಲಕ್ಷಣ ಎರಡರಲ್ಲಿಯೂ ಒಂದೇ ಬಗೆ. ಹಣ ಹೋಯಿತು, ಕುರಿಯೂ ಹೋಯಿತು. ಇಷ್ಟೇ ಅಲ್ಲ, ಆ ಔಷಧದ ಅಂಶ ಹಿಕ್ಕೆ ಸಗಣಿಗಳ ಮೂಲಕ ಹೊರಬಂದು, ಸಗಣಿಯನ್ನು ಮಣ್ಣಿಗೆ ಸೇರಿಸುವ ಜೀರುಂಡೆಗಳ ಮರಿಗಳನ್ನು ಕೊಲ್ಲುತ್ತದೆ. ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿಕೊಂಡ ರೈತನಿಗೆ ಇದು ಯಾವ ಲಾಭ?

ಯಾವ ಹುಳುವೆಂಬುದನ್ನು ಹಿಕ್ಕೆಯ ಪರೀಕ್ಷೆ ಹೇಳಬಲ್ಲದು, ಮಾದರಿಯನ್ನು ಸರಿಯಾಗಿ ತೆಗೆದಿದ್ದರೆ ಮಾತ್ರ. ರೊಪ್ಪದ ನೆಲದಿಂದ ಬಾಚಿದ ಹಿಕ್ಕೆ ಯಾವ ಕುರಿಯದೆಂದು ತಿಳಿಯದು. ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಹುಳುಗಳೂ ಅದರಲ್ಲಿ ಸೇರಿರುತ್ತವೆ. ಕೈಗವಸು ತೊಟ್ಟು, ಬೆರಳಿಗೆ ಸ್ವಲ್ಪ ಎಣ್ಣೆ ಸವರಿ, ಗುದದ್ವಾರದಿಂದಲೇ ಐದಾರು ಹಿಕ್ಕೆಗಳನ್ನು ನಯವಾಗಿ ತೆಗೆಯಬೇಕು. ದನವಾದರೆ ಆಗತಾನೆ ಹಾಕಿದ ಸಗಣಿಯಲ್ಲಿ ನೆಲಕ್ಕೆ ತಾಗದ ಮೇಲ್ಭಾಗ ಸಾಕು. ಕೈಗವಸನ್ನು ಒಳಮಗ್ಗುಲಾಗಿ ತಿರುವಿ, ಗಾಳಿಯನ್ನು ಹೊರಗೆ ಒತ್ತಿ ಗಂಟು ಹಾಕಿದರೆ ಅದೇ ಚೀಲವಾಯಿತು. ಬಳಿಕ ಸಾಬೂನಿನಿಂದ ಕೈ ತೊಳೆಯಲೇಬೇಕು.

ಬಳ್ಳಾರಿಯ ಸೀಮೆಯಲ್ಲಿ ಮುಖ್ಯ ಶತ್ರು ಬಿಸಿಲು. 25ರಿಂದ 30 ಡಿಗ್ರಿ ಶಾಖದಲ್ಲಿಯೇ ದುಂಡುಹುಳುವಿನ ಮೊಟ್ಟೆ ಸುಮಾರು ಒಂದು ದಿನದಲ್ಲಿ ಒಡೆದು ಮರಿಯಾಗುತ್ತದೆ. ಬೇಸಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವುದುಂಟು. ಸಿರುಗುಪ್ಪದಿಂದ ಬಳ್ಳಾರಿ ನಗರಕ್ಕೆ 50 ಕಿಲೋಮೀಟರಿಗೂ ಹೆಚ್ಚಿನ ದಾರಿ. ಬೈಕಿನ ಚೀಲದಲ್ಲಿ ಬೆಂದು, ಮರುದಿನ ಪ್ರಯೋಗಾಲಯ ಸೇರಿದ ಮಾದರಿಯಲ್ಲಿ ಮೊಟ್ಟೆ ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಆದ್ದರಿಂದ ಮಂಜುಗಡ್ಡೆಯಿಟ್ಟ ಪೆಟ್ಟಿಗೆ ಬೇಕು. ತಡವಾದರೆ ಫ್ರಿಜ್ಜಿನ ಕೆಳ ಅಂತಸ್ತು. ಮಂಜುಗಟ್ಟುವ ಮೇಲಿನ ಅಂತಸ್ತು ಸಲ್ಲದು, ಮೊಟ್ಟೆಗಳು ಕೆಡುತ್ತವೆ. ಹತ್ತು ಪ್ರತಿಶತ ಫಾರ್ಮಲಿನ್ ಮೊಟ್ಟೆಯನ್ನು ಉಳಿಸುವುದಾದರೂ ಅದರಿಂದ ಮರಿ ಬೆಳೆಸಿ ಜಾತಿ ಗುರುತಿಸಲಾಗದು.

ಚೀಟಿಯ ಮೇಲೆ ಕುರಿಯ ಗುರುತು, ವಯಸ್ಸು, ಊರು, ತೆಗೆದ ದಿನ ಮತ್ತು ಹೊತ್ತು, ಹಿಂದೆ ಕೊಟ್ಟ ಔಷಧ, ಇವಿಷ್ಟೂ ಇರಲಿ. ಗದ್ದೆಯಲ್ಲಿ ಮೇದ ಮಂದೆಯೆಂದೂ ಬರೆಯಬೇಕು. ದುಂಡುಹುಳುವಿನ ಮೊಟ್ಟೆ ಗಾಢ ಉಪ್ಪುನೀರಿನಲ್ಲಿ ತೇಲುತ್ತದೆ, ಚಪ್ಪಟೆಹುಳುವಿನ ಭಾರವಾದ ಮೊಟ್ಟೆ ತಳಕ್ಕಿಳಿಯುತ್ತದೆ. ತೇಲಿಸಿ ಮಾತ್ರ ನೋಡಿದವರಿಗೆ ಅದು ಕಾಣದೇ ಹೋಗಬಹುದು.

ಮೊಟ್ಟೆ ಇಲ್ಲವೆಂಬ ವರದಿ ಬಂದೊಡನೆ ನಿಶ್ಚಿಂತರಾಗುವಂತೆಯೂ ಇಲ್ಲ. ಯಕೃತ್ತಿನ ಹುಳು ಬೆಳೆದು ಮೊಟ್ಟೆಯಿಡಲು ಮೂರು ತಿಂಗಳಾದರೂ ಬೇಕು. ಎಳೆಯ ಹುಳುಗಳೇ ಅದಕ್ಕೂ ಮೊದಲು ಕುರಿಯನ್ನು ಕೊಲ್ಲಬಲ್ಲವು. ಹಾಗೆ ಸಾವಾದಲ್ಲಿ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆಯನ್ನೇ ಮಾಡಿಸಬೇಕು.

ಮಲೆನಾಡಿನ ಜೌಗು ಗದ್ದೆಗಳಲ್ಲಿಯೂ ಇಂಥ ಬಸವನಹುಳುಗಳಿವೆ. ಕೊಟ್ಟಿಗೆಯ ದನಗಳಿಗೂ ಈ ಕ್ರಮವೇ ಸಲ್ಲುತ್ತದೆ. ದುಂಡುಹುಳುವಿಗೆ ಔಷಧ ಕೊಟ್ಟ ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಅವೇ ಪ್ರಾಣಿಗಳಿಂದ ಮತ್ತೊಮ್ಮೆ ಮಾದರಿ ತೆಗೆದು ಕಳುಹಿಸಬೇಕು. ಮೊಟ್ಟೆಗಳು ಆಗಲೂ ಹೇರಳವಾಗಿದ್ದರೆ, ಅದೇ ಸೀಸೆಯನ್ನು ಮತ್ತೆ ಕೊಳ್ಳುವ ಮುನ್ನ ಪಶುವೈದ್ಯರಿಗೆ ಎರಡೂ ವರದಿಗಳನ್ನು ತೋರಿಸಬೇಕು.