ತಂಗಿಯನ್ನು ಎಷ್ಟು ಮುಂದೆ ನಿಲ್ಲಿಸಬೇಕು?



ಇವತ್ತು ನಾವು ಓಟದ ಲೆಕ್ಕ ಮಾಡೋಣ. ಕೂಡೋದು, ಕಳೆಯೋದು, ಭಾಗಿಸೋದು ನಿಮಗೆ ಬರ್ತದ. ಅಷ್ಟೇ ಸಾಕು.

ನಮ್ಮ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಹೆಣ್ಣುಮಕ್ಕಳ ಓಟ ಇದೆ ಅಂತ ತಿಳಿಯೋಣ. 100 ಮೀಟರ್ ಓಟ. ಒಂದೇ ಮನೆಯ ಅಕ್ಕ, ತಂಗಿ ಇಬ್ಬರೂ ಓಡುತ್ತಾರೆ. "ಪಾಪ, ಸಣ್ಣ ಹುಡುಗಿ. ತಂಗೀನ ಐದು ಹೆಜ್ಜೆ ಮುಂದೆ ನಿಲ್ಲಿಸ್ರಿ" ಅಂತ ಒಬ್ಬರು ಹೇಳ್ತಾರೆ. "ಐದು ಯಾಕ, ಹತ್ತು ಹೆಜ್ಜೆ" ಅಂತ ಇನ್ನೊಬ್ಬರು. ಜಗಳ ಶುರು ಆಯ್ತು. ಯಾರ ದನಿ ದೊಡ್ಡದೋ ಅವರ ಮಾತೇ ನಡೀತದ. ಆದರೆ ಓಡೋರು ನಮ್ಮ ಮಕ್ಕಳು. ಇಬ್ಬರಲ್ಲಿ ಯಾರಿಗೂ ಅನ್ಯಾಯ ಆಗಬಾರದು. ಅದಕ್ಕೇ ಲೆಕ್ಕ ಬೇಕು.

ಮೊದಲು ಒಬ್ಬೊಬ್ಬರನ್ನೇ ಓಡಿಸಿ ನೋಡಬೇಕು. ಗಡಿಯಾರದ ಸೆಕೆಂಡಿನ ಮುಳ್ಳು ನೋಡ್ರಿ. ಮೊಬೈಲಿನಲ್ಲಿ ನೋಡಿದರೂ ಆಯ್ತು. 100 ಮೀಟರ್ ಓಡಲು ಅಕ್ಕನಿಗೆ 20 ಸೆಕೆಂಡು ಹಿಡಿಯಿತು. ತಂಗಿಗೆ 25 ಸೆಕೆಂಡು. 100ನ್ನು 20ರಿಂದ ಭಾಗಿಸಿರಿ. 5 ಬಂತು. ಅಂದರೆ ಅಕ್ಕ ಒಂದು ಸೆಕೆಂಡಿಗೆ 5 ಮೀಟರ್ ಓಡುತ್ತಾಳೆ. 100ನ್ನು 25ರಿಂದ ಭಾಗಿಸಿರಿ. 4 ಬಂತು. ಅದು ತಂಗಿಯ ವೇಗ.

ಈಗ ತಂಗಿಯನ್ನು 20 ಮೀಟರ್ ಮುಂದೆ ನಿಲ್ಲಿಸಿದೆವು ಅನ್ರಿ. ಎಷ್ಟು ಸೆಕೆಂಡಿಗೆ ಅಕ್ಕ ಅವಳನ್ನು ಹಿಡೀತಾಳೆ?

ಬಹಳ ಮಂದಿ ಇಲ್ಲೇ ಎಡವುತ್ತಾರೆ. 20ನ್ನು 5ರಿಂದ ಭಾಗಿಸಿ "4 ಸೆಕೆಂಡು" ಅಂತಾರೆ. ತಂಗಿ ಕಂಬದಂಗ ನಿಂತಿದ್ದರೆ ಅದು ಸರಿ. ಅವಳೂ ಓಡ್ತಾಳಲ್ಲ! ಆ 4 ಸೆಕೆಂಡಿನಲ್ಲಿ ಅವಳು ಇನ್ನೂ 16 ಮೀಟರ್ ಮುಂದೆ ಹೋಗಿರುತ್ತಾಳೆ.

ಹಾಗಾದರೆ ಹೇಗೆ? ಇಬ್ಬರ ವೇಗವನ್ನೂ ಕಳೆಯಬೇಕು. 5ರಲ್ಲಿ 4 ಕಳೆದರೆ 1. ಒಂದು ಸೆಕೆಂಡಿಗೆ ಅಂತರ ಒಂದೇ ಮೀಟರ್ ಕಡಿಮೆ ಆಗ್ತದ. 20 ಮೀಟರ್ ಅಂತರ ಮುಗಿಯಲು 20 ಸೆಕೆಂಡು ಬೇಕು. ಅಷ್ಟರಲ್ಲಿ ಅಕ್ಕ 100 ಮೀಟರ್ ಓಡಿ ಮುಗಿಸಿರುತ್ತಾಳೆ. ತಂಗಿ 80 ಮೀಟರ್ ಓಡಿರುತ್ತಾಳೆ. ಮೊದಲಿನ 20 ಕೂಡಿಸಿರಿ, ಅವಳದೂ 100. ಇಬ್ಬರೂ ಒಟ್ಟಿಗೇ ಗೆರೆ ಮುಟ್ಟಿದರು!

15 ಮೀಟರ್ ಮಾತ್ರ ಕೊಟ್ಟಿದ್ದರೆ ಅಕ್ಕ ನಡುವೆಯೇ ಹಿಡಿದು ಮುಂದೆ ಹೋಗ್ತಿದ್ದಳು. 25 ಮೀಟರ್ ಕೊಟ್ಟಿದ್ದರೆ ಅಕ್ಕನಿಗೆ ತಂಗಿ ಸಿಗುತ್ತಲೇ ಇರಲಿಲ್ಲ. ಐದು ಹೆಜ್ಜೆ ಅಂದವರ ಮಾತೂ ಸರಿಯಲ್ಲ, ಹತ್ತು ಅಂದವರ ಮಾತೂ ಸರಿಯಲ್ಲ. ಮಕ್ಕಳೇನೂ ಯಂತ್ರ ಅಲ್ಲ, ಒಂದು ದಿನ ಜೋರು, ಒಂದು ದಿನ ನಿಧಾನ. ಆದರೂ ಕಣ್ಣಂದಾಜಿಗಿಂತ ಇದು ಮೇಲು.

ಓಟದಲ್ಲಿ ಕೂದಲೆಳೆಯ ಅಂತರಕ್ಕೂ ಬೆಲೆ ಇದೆ. 1984ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಒಲಿಂಪಿಕ್ಸ್ ನಡೆಯಿತು. ಕೇರಳದ ಪಿ. ಟಿ. ಉಷಾ 400 ಮೀಟರ್ ಹರ್ಡಲ್ಸ್ ಓಡಿದರು. ಅಂದರೆ ಅಡ್ಡ ಇಟ್ಟ ಕಟ್ಟಿಗೆಗಳನ್ನು ಹಾರುತ್ತಾ ಓಡುವುದು. ಮೂರನೆಯವಳಿಗೆ 55.41 ಸೆಕೆಂಡು. ಉಷಾಗೆ 55.42. ಒಂದು ಸೆಕೆಂಡನ್ನು ನೂರು ಪಾಲು ಮಾಡ್ರಿ, ಅದರಲ್ಲಿ ಒಂದೇ ಒಂದು ಪಾಲಿಗೆ ಪದಕ ತಪ್ಪಿತು. ಅದು ಎಷ್ಟು ದೂರ? ಉಷಾ ಸೆಕೆಂಡಿಗೆ ಸುಮಾರು 7 ಮೀಟರ್ ಓಡಿದ್ದರು. ಅದರ ನೂರನೇ ಪಾಲು 7 ಸೆಂಟಿಮೀಟರ್. ನಿಮ್ಮ ನಾಲ್ಕು ಬೆರಳು ಜೋಡಿಸಿ ನೋಡ್ರಿ. ಅಷ್ಟೇ.

ಎದುರು ಬದುರು ಬರುವವರ ಲೆಕ್ಕ ಬೇರೆ. ಅಲ್ಲಿ ವೇಗ ಕಳೆಯಬಾರದು, ಕೂಡಿಸಬೇಕು. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿಲೋಮೀಟರ್. ಇಲ್ಲಿಂದ ಒಬ್ಬಾಕೆ, ಅಲ್ಲಿಂದ ಒಬ್ಬಾಕೆ ಒಂದೇ ಹೊತ್ತಿಗೆ ಹೊರಟರು. ಇಬ್ಬರೂ ತಾಸಿಗೆ 5 ಕಿಲೋಮೀಟರ್ ನಡೀತಾರೆ. 5ಕ್ಕೆ 5 ಕೂಡಿದರೆ 10. ಎರಡು ತಾಸಿಗೆ ನಡುದಾರಿಯಲ್ಲಿ, ನವನಗರ, ರಾಯಾಪುರದ ಆಸುಪಾಸು, ಭೇಟಿ ಆಗ್ತಾರೆ.

ಇದು ಹೊಸ ಲೆಕ್ಕ ಅಲ್ಲ. 9ನೇ ಶತಮಾನದಲ್ಲಿ, ನೃಪತುಂಗ ರಾಜನ ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಪಂಡಿತ ಇದ್ದ. ದಾರಿ ನಡೆಯುವವರು ಎಲ್ಲಿ ಕೂಡುತ್ತಾರೆ ಅನ್ನುವ ಲೆಕ್ಕಗಳನ್ನು ಅವನು ತನ್ನ 'ಗಣಿತಸಾರ ಸಂಗ್ರಹ'ದಲ್ಲಿ ಬರೆದಿಟ್ಟಿದ್ದಾನೆ.

ಈಗ ಪಾಟಿ, ಬಳಪ ತಗೊಳ್ರಿ. ಅದೇ ಅಕ್ಕ, ಅದೇ ತಂಗಿ, ಅದೇ ವೇಗ. ಓಟ ಮಾತ್ರ 200 ಮೀಟರ್. ಇಬ್ಬರೂ ಒಟ್ಟಿಗೆ ಗೆರೆ ಮುಟ್ಟಬೇಕಾದರೆ ತಂಗಿಯನ್ನು ಎಷ್ಟು ಮೀಟರ್ ಮುಂದೆ ನಿಲ್ಲಿಸಬೇಕು?